ಬೆಕ್ಕಿಗೂ ಲೋನ್ ಕೊಡ್ತಾರಾ?

ಕೆಂಚಾರ್ಲಹಳ್ಳಿ ಹೋಬಳಿಯಲ್ಲಿ 1980ರ ದಶಕದಲ್ಲಿ ನಾನು ಮನುಷ್ಯರಿಗಿಂತ ಹಸುಗಳ ಫೋಟೊವನ್ನೇ ಹೆಚ್ಚು ತೆಗೆದಿದ್ದೇನೆ ಅಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಬೆಣ್ಣೆ ಕಾಗದದ ಲಕೋಟೆಗಳಿವೆ. ಒಂದೊಂದರ ಮೇಲೂ ಊರ ಹೆಸರು, ಸಾಲಗಾರನ ಹೆಸರು, ಕಿವಿ ಓಲೆಯ ನಂಬರು. ಒಳಗಿನ ನೆಗೆಟಿವ್ ಬೆಳಕಿಗೆ ಹಿಡಿದರೆ ಕಪ್ಪಾದ ಆಕಾಶ, ಕಪ್ಪು ಅಂಗಿಯ ರೈತ, ಅವನ ಪಕ್ಕ ಕಪ್ಪು ಬಿಳುಪು ಅದಲುಬದಲಾದ ಒಂದು ಸೀಮೆ ಹಸು. ಎಮ್ಮೆಗಳಿವೆ, ಕುರಿ ಹಿಂಡುಗಳಿವೆ, ಜೋಡಿ ಎತ್ತುಗಳಿವೆ. ಬೇಕೆಂದೇ ತೆಗೆದ ಬೆಕ್ಕು ಮಾತ್ರ ಒಂದೂ ಇಲ್ಲ.

ನಾನು ಚಿಂತಾಮಣಿಯ ಸ್ಟುಡಿಯೋ ಒಂದರಲ್ಲಿ ಹೈಪೋ ನೀರು ಬದಲಿಸುವ ಹುಡುಗನಾಗಿ ಸೇರಿ, ಕೆಂಪು ಬಲ್ಬಿನ ಕೆಳಗೆ ಕೆಲಸ ಕಲಿತು, ಆಮೇಲೆ ನಮ್ಮೂರಿನಲ್ಲೇ ಅಂಗಡಿ ಇಟ್ಟವನು. ಈಗ ಅಂಗಡಿ ಇಲ್ಲ. ಮಗನ ಮನೆ ಚಿಂತಾಮಣಿಯಲ್ಲಿದೆ. ಬೆಳಗ್ಗೆ ಡಾಕ್ಟರು ಹೇಳಿದ ನಡಿಗೆಗೆ ಹೊರಟಾಗ ಕೈಯಲ್ಲೊಂದು ಸಣ್ಣ ಡಿಜಿಟಲ್ ಕ್ಯಾಮೆರಾ ಇರುತ್ತದೆ. ಅದರಲ್ಲಿ ಬೀದಿಯ ಬೆಕ್ಕು, ನಾಯಿ, ಬೀಡಾಡಿ ದನ, ಕೈವಾರಕ್ಕೆ ಹೋದರೆ ಅಲ್ಲಿನ ಕೋತಿ, ಇವನ್ನೆಲ್ಲ ತೆಗೆಯುತ್ತೇನೆ. ಒಂದು ಕಾಲಕ್ಕೆ ದುಡ್ಡು ಕೊಟ್ಟರೂ ತೆಗೆಯದಿದ್ದ ಚಿತ್ರಗಳನ್ನು ಈಗ ಪುಕ್ಕಟೆ ತೆಗೆಯುತ್ತಿರುವುದು ಯಾಕೆ ಅಂತ ಹೆಂಡತಿ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಹೋದರೆ ನಮ್ಮ ಕಸುಬಿನ ಚರಿತ್ರೆಯನ್ನೇ ಹೇಳಬೇಕಾಗುತ್ತದೆ.

ಮೊದಲು ಸಾಲದ ಹಸುವಿನ ಕತೆ. ನಮ್ಮದು ಆಗ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನದಿಯಿಲ್ಲದ, ಕೆರೆ ನಂಬಿದ ಸೀಮೆಗೆ ಹಾಲು ದಾರಿಯಾದೀತು ಎಂದು ಹೇಳಿದವರಲ್ಲಿ ನಮ್ಮ ಜಿಲ್ಲೆಯವರೇ ಆದ, ಕೇಂದ್ರದಲ್ಲಿ ಕೃಷಿ ಉಪಮಂತ್ರಿಯಾಗಿದ್ದ ಎಂ.ವಿ.ಕೃಷ್ಣಪ್ಪನವರ ಹೆಸರನ್ನು ಹಿರಿಯರು ಈಗಲೂ ಎತ್ತುತ್ತಾರೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಬಂತು. ಅದೇ ಮುಂದೆ ಕೆಎಂಎಫ್ ಆಯಿತು. ಹಳ್ಳಿ ಹಳ್ಳಿಗೆ ಡೇರಿ, ಬೆಳಗ್ಗೆ ಸಂಜೆ ಕ್ಯಾನಿನ ಸದ್ದು. ನಾಟಿ ಹಸು ಕೊಡುವ ಎರಡು ಸೇರಿಗೆ ಅಷ್ಟೆಲ್ಲ ಏರ್ಪಾಡು ಯಾಕೆ? ಸೀಮೆ ಹಸು ಬೇಕು. ಸೀಮೆ ಹಸುವಿಗೆ ದುಡ್ಡು ಬೇಕು. ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ, ಅಂದರೆ ಎಲ್ಲರ ಬಾಯಲ್ಲಿ ಐಆರ್‌ಡಿಪಿ, 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ಸಣ್ಣ ರೈತನಿಗೆ ಕಾಲು ಭಾಗ, ಅತಿ ಸಣ್ಣ ರೈತನಿಗೂ ಕೂಲಿಯವನಿಗೂ ಮೂರನೇ ಒಂದು ಭಾಗ ಸಬ್ಸಿಡಿ, ಉಳಿದದ್ದು ಬ್ಯಾಂಕಿನ ಸಾಲ. ಸಾಲ ಅಂದಮೇಲೆ ವಿಮೆ, ವಿಮೆ ಅಂದಮೇಲೆ ಗುರುತು, ಗುರುತು ಅಂದಮೇಲೆ ಫೋಟೊ. ನನ್ನಂಥವನ ಅನ್ನ ಹುಟ್ಟಿದ್ದು ಆ ಕೊನೆಯ ಮಾತಿನಲ್ಲಿ.

ಕ್ರಮ ಹೀಗಿತ್ತು. ಹಸು ಗೊತ್ತುಮಾಡಿದ ದಿನ ಪಶುವೈದ್ಯರು ಬಂದು ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಬೆಲೆ ಕಟ್ಟಿ ಸರ್ಟಿಫಿಕೇಟು ಬರೆಯುತ್ತಿದ್ದರು. ಕಿವಿಗೆ ನಂಬರಿನ ಲೋಹದ ಬಿಲ್ಲೆ ಚುಚ್ಚುತ್ತಿದ್ದರು. ನಮ್ಮ ಕಡೆ ಅದಕ್ಕೆ ಓಲೆ ಅಂತಲೇ ಹೆಸರು. ಆಮೇಲೆ ನನ್ನ ಪಾಳಿ. ಒಂದು ಪ್ರತಿ ಬ್ಯಾಂಕಿಗೆ, ಒಂದು ವಿಮೆಯವರಿಗೆ, ಒಂದು ಸಾಲಗಾರನಿಗೆ. ಹಸುವಿನ ಇಡೀ ಪಕ್ಕೆ ಕಾಣಬೇಕು, ಕೆಚ್ಚಲು ಕಾಣಬೇಕು, ಕೊಂಬು ಕಾಣಬೇಕು, ಹಿಡಿದವನ ಮುಖ ಕಾಣಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಓಲೆ ಇರುವ ಕಿವಿ ಕ್ಯಾಮೆರಾದ ಕಡೆಗೆ ತಿರುಗಿರಬೇಕು. ಹಸು ನಿಂತರೂ ಕಿವಿ ನಿಲ್ಲುವುದಿಲ್ಲ. ನೊಣ ಕೂತ ತಕ್ಷಣ ಪಟಪಟ. ಕಿವಿ ಅಲ್ಲಾಡಿದರೆ ನಂಬರು ಮಸುಕು, ನಂಬರು ಮಸುಕಾದರೆ ಫೋಟೊ ವಾಪಸು. ಅದಕ್ಕೇ ಒಬ್ಬ ಹುಡುಗನನ್ನು ಟವೆಲ್ಲು ಕೊಟ್ಟು ನೊಣ ಓಡಿಸಲು ನಿಲ್ಲಿಸುತ್ತಿದ್ದೆವು. ಇನ್ನೊಬ್ಬ ಎದುರಿಗೆ ಹಿಂಡಿಯ ಬಾಂಡ್ಲಿ ತೋರಿಸಬೇಕು. ಹಸು ತಲೆಯೆತ್ತಿ ನೋಡುವ ಆ ಒಂದು ಗಳಿಗೆಯಲ್ಲಿ ಕ್ಲಿಕ್.

ಈ ಫೋಟೊಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಹೆಂಗಸರು. ಸಾಲ ಗಂಡನ ಹೆಸರಿನಲ್ಲಿದ್ದರೂ ಹಗ್ಗ ಹಿಡಿಯಲು ಹೆಂಡತಿಯೇ ಬೇಕಿತ್ತು, ಯಾಕೆಂದರೆ ಹಸು ಅವಳ ಮಾತನ್ನಷ್ಟೇ ಕೇಳುತ್ತಿತ್ತು. ಮದುವೆಯಲ್ಲೂ ಫೋಟೊ ತೆಗೆಸಿಕೊಳ್ಳದಿದ್ದ ಎಷ್ಟೋ ಜನರ ಮೊದಲ ಚಿತ್ರ ಅದು. ಬ್ಯಾಂಕಿನ ಮೂರು ಪ್ರತಿಯ ಜೊತೆಗೆ ತಮ್ಮ ಕೈಯಿಂದ ದುಡ್ಡು ಕೊಟ್ಟು ಇನ್ನೊಂದು ಪ್ರತಿ ಹಾಕಿಸಿಕೊಂಡು, ಕಟ್ಟು ಹಾಕಿಸಿ, ತಿರುಪತಿ ವೆಂಕಟರಮಣನ ಪಟದ ಪಕ್ಕ ನೇತುಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ. ಹಸು ಮಾರಿಹೋಗಿರುತ್ತಿತ್ತು, ಸಾಲ ತೀರಿರುತ್ತಿತ್ತು ಅಥವಾ ಮನ್ನಾ ಆಗಿರುತ್ತಿತ್ತು, ಪಟ ಮಾತ್ರ ಹಾಗೇ.

ಎರಡನೇ ಸಲ ನಮಗೆ ಕರೆ ಬರುತ್ತಿದ್ದುದು ಹಸು ಸತ್ತಾಗ. ಓಲೆ ಇಲ್ಲದಿದ್ದರೆ ಪರಿಹಾರ ಇಲ್ಲ ಎಂಬುದು ವಿಮೆಯ ನಿಯಮ. ಸತ್ತ ಹಸುವಿನ ಕಿವಿಯನ್ನು ಓಲೆ ಕಾಣುವಂತೆ ಎತ್ತಿ ಹಿಡಿದು ಫೋಟೊ ತೆಗೆಯಬೇಕು, ಆಮೇಲೆ ಮರಣೋತ್ತರ ಪರೀಕ್ಷೆ. ಜೀವಂತ ಹಸುವಿನ ಫೋಟೊಗೆ ಊರೆಲ್ಲ ಸೇರುತ್ತಿತ್ತು, ಇದಕ್ಕೆ ಮನೆಯವರೂ ಹತ್ತಿರ ಬರುತ್ತಿರಲಿಲ್ಲ. ಕಿವಿ ಹಿಡಿಯಲು ಜನ ಸಿಗದೆ ಪಶುವೈದ್ಯರ ಕಾಂಪೌಂಡರೇ ಹಿಡಿದದ್ದುಂಟು. ಆ ಕೆಲಸಕ್ಕೆ ಚಿಂತಾಮಣಿಯ ಸ್ಟುಡಿಯೋದಲ್ಲಿ ನನಗೆ ಕೆಲಸ ಕಲಿಸಿದ ಗುರುಗಳು ಅರ್ಧ ದುಡ್ಡು ತೆಗೆದುಕೊಳ್ಳುತ್ತಿದ್ದರು. ನಾನೂ ಅದನ್ನೇ ನಡೆಸಿಕೊಂಡು ಬಂದೆ.

ಇನ್ನೊಂದು ಮಾತು. ಒಂದೇ ಹಸು ಎರಡು ಊರಿನ ಎರಡು ಸಾಲಕ್ಕೆ ನಿಲ್ಲುವುದು ಆ ಕಾಲದಲ್ಲಿ ದೇಶದಾದ್ಯಂತ ಇದ್ದ ರೋಗ. ಕಾಗದ ನೋಡುವವರಿಗೆ ಅದು ಗೊತ್ತಾಗದಿರಬಹುದು, ಫೋಟೊದವನಿಗೆ ಗೊತ್ತಾಗುತ್ತದೆ. ಹೋಲ್‌ಸ್ಟೀನ್ ಮಿಶ್ರತಳಿಯ ಮೈಮೇಲಿನ ಕಪ್ಪು ಮಚ್ಚೆ ಒಂದರಂತೆ ಇನ್ನೊಂದಕ್ಕಿಲ್ಲ. ನೆಗೆಟಿವ್ ತೊಳೆದು, ಒಣಗಿಸಿ, ಪ್ರಿಂಟು ಹಾಕಿದವನ ಕಣ್ಣಿಗೆ ಆ ನಕ್ಷೆ ಅಂಟಿಕೊಂಡುಬಿಡುತ್ತದೆ. ಒಂದು ಸಲ ಹಾಗೆ ಎರಡನೇ ಬಾರಿ ಬಂದ ಹಸುವಿನ ಮುಂದೆ ಗುರುಗಳು ಕ್ಯಾಮೆರಾ ಚೀಲದಿಂದ ಹೊರಗೇ ತೆಗೆಯಲಿಲ್ಲ. "ಇದರ ಫೋಟೊ ಆಗಲೇ ನನ್ನತ್ರ ಐತಪ್ಪ, ಬೇಕಾದರೆ ಅದನ್ನೇ ಒಂದು ಪ್ರತಿ ಹಾಕಿಕೊಡ್ತೀನಿ" ಅಂದರು. ನಿಂತವರೆಲ್ಲ ನೆಲ ನೋಡಿದರು.

ಇದನ್ನು ಹೇಳಲು ಕಾರಣವಿದೆ. 1990ರ ದಶಕದ ಆರಂಭದಲ್ಲಿ ಕೆ.ಉಲ್ಲಾಸ ಕಾರಂತರು ನಾಗರಹೊಳೆ ಕಾಡಿನಲ್ಲಿ ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಪಟ್ಟೆಗಳ ವ್ಯತ್ಯಾಸದಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಅದರಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮ ರೂಪಿಸಿದರು. 1995ರಲ್ಲಿ ಆ ಪ್ರಬಂಧ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಅದರ ಗಣಿತ ನನಗೆ ತಿಳಿಯದು. ಆದರೆ ಮೈಮೇಲಿನ ಗುರುತು ನೋಡಿ ಇದು ಅದೇ, ಇದು ಬೇರೆ ಎಂದು ಹೇಳುವ ಕಣ್ಣು ತಾಲ್ಲೂಕು ಸ್ಟುಡಿಯೋದವರಿಗೂ ಇತ್ತು, ಅದನ್ನು ಯಾರೂ ಕೇಳಲಿಲ್ಲ ಅಷ್ಟೆ.

ಇಷ್ಟೆಲ್ಲ ಪ್ರಾಣಿಗಳ ನಡುವೆ ಬೆಕ್ಕು ಯಾಕಿಲ್ಲ? ಮೊದಲ ಕಾರಣ ಫಿಲಂ. ನನ್ನ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ ತ್ರೀ. ಒಂದು ರೋಲಿಗೆ 12 ಚಿತ್ರ. ಬಿಸಿಲು, ಮೋಡ ಅಂತ ಎರಡು ಗುರುತು, ಅದರಾಚೆ ನಾವು ಹೆಚ್ಚು ತಲೆ ಕೆಡಿಸಿಕೊಳ್ಳುವಂತಿರಲಿಲ್ಲ. ಶಟರಿನ ವೇಗ ಕಡಿಮೆ. ಕೂತವನನ್ನು ಕೂತಹಾಗೆ ತೆಗೆಯಬಹುದು, ನೆಗೆಯುವುದನ್ನು ತೆಗೆದರೆ ಹೊಗೆ. ಫಿಲಂ ಊಟಿಯ ಹಿಂದೂಸ್ತಾನ್ ಫೋಟೊ ಫಿಲಮ್ಸ್‌ನ ಇಂದು, ಸಿಕ್ಕರೆ ಪೂರ್ವ ಜರ್ಮನಿಯ ಓರ್ವೊ. ಎರಡೂ ಬೇಕೆಂದಾಗ ಸಿಗುತ್ತಿರಲಿಲ್ಲ. ಹನ್ನೆರಡರಲ್ಲಿ ಒಂದು ಕೆಟ್ಟರೆ ಆ ದಿನದ ಲಾಭ ಹೋಯಿತು. ಅಂಥ ಲೆಕ್ಕದಲ್ಲಿ ಸುಮ್ಮನೆ ಗೋಡೆ ಹಾಯುತ್ತಿದ್ದ ಬೆಕ್ಕಿಗೆ ಒಂದು ಫ್ರೇಮು ಕೊಡುವ ದೊರೆ ಯಾರು?

ಎರಡನೆಯದು ಒಡೆತನ. ಫೋಟೊ ಅಂದರೆ ಯಾರೋ ದುಡ್ಡು ಕೊಡಬೇಕು. ಕೋಲೆ ಬಸವನಿಗೆ ಒಡೆಯನಿದ್ದ, ಅವನು ಬಸವನಿಗೆ ಜೂಲು ಹೊದಿಸಿ ಕೊಂಬಿಗೆ ಗೊಂಡೆ ಕಟ್ಟಿಕೊಂಡು ಬಂದು ತೆಗೆಸಿಕೊಳ್ಳುತ್ತಿದ್ದ. ಜಟಕಾ ಕುದುರೆಗೆ ಒಡೆಯನಿದ್ದ. ಹೋರಿ ಸಾಕಿದ ಗೌಡರು ಜಾತ್ರೆಯಲ್ಲಿ ಗೆದ್ದ ಮೇಲೆ ಕರೆಸುತ್ತಿದ್ದರು. ಬೆಕ್ಕಿನ ಒಡೆಯ ಯಾರು? ಅದು ಮೂರು ಮನೆಯಲ್ಲಿ ಹಾಲು ಕುಡಿದು ನಾಲ್ಕನೇ ಮನೆಯ ಹುಲ್ಲಿನ ಬಣವೆಯಲ್ಲಿ ಮರಿ ಹಾಕುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಿಗೆ ಅದು ಬೇಕಾದ ಪ್ರಾಣಿ, ಗೂಡಿಗೂ ಹುಳುವಿಗೂ ಇಲಿ ಬೀಳುತ್ತದಲ್ಲ. ಆದರೆ ಹುಳುಮನೆಯೊಳಗೆ ಹೊರಗಿನವನನ್ನೇ ಬಿಡುವುದಿಲ್ಲ, ದೃಷ್ಟಿಯ ಭಯ, ರೋಗದ ಭಯ. ಇನ್ನು ಕ್ಯಾಮೆರಾ ಬಿಡುತ್ತಾರೆಯೇ?

ಮೂರನೆಯದು ಶಕುನ. ಮದುವೆ ದಿಬ್ಬಣದ ಚಿತ್ರದಲ್ಲಿ ಬೆಕ್ಕು ಬಿದ್ದರೆ ಆ ಪ್ರಿಂಟು ಯಾರೂ ಒಯ್ಯುವುದಿಲ್ಲ. ನಾಯಿಗೆ ಅಷ್ಟು ದೋಷವಿಲ್ಲ, ಆದರೂ ಎಲೆಯ ಹತ್ತಿರ ನಿಂತ ನಾಯಿಯನ್ನು ಎನ್‌ಲಾರ್ಜರಿನಲ್ಲೇ ಅಂಚಿಗೆ ತಳ್ಳಿ ಕತ್ತರಿಸುತ್ತಿದ್ದೆವು. ಹಳೆಯ ನೆಗೆಟಿವ್‌ಗಳನ್ನು ಈಗ ನೋಡುವಾಗ ಈ ಅಂಚುಗಳೇ ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಚಪ್ಪರದ ಕಂಬದ ಹಿಂದೆ ಒಂದು ಬಾಲ. ಶಾಲೆಯ ಗ್ರೂಪ್ ಫೋಟೊದ ಎಡತುದಿಯಲ್ಲಿ, ಮೇಷ್ಟರ ಕಾಲಬುಡದಲ್ಲಿ, ಮಕ್ಕಳಷ್ಟೇ ಗಂಭೀರವಾಗಿ ಕ್ಯಾಮೆರಾ ನೋಡುತ್ತಿರುವ ಒಂದು ಕಂದು ನಾಯಿ. ಬ್ಯಾಂಕಿನ ಹಸುವಿನ ಹಿಂದೆ ಹಿತ್ತಲ ಗೋಡೆಯ ಮೇಲೆ ಮುದುಡಿ ಕೂತ ಬೂದು ಬೆಕ್ಕು. ನನ್ನ ಪೆಟ್ಟಿಗೆಯಲ್ಲಿರುವ ಬೆಕ್ಕುಗಳೆಲ್ಲ ಇಂಥ ನುಸುಳುಕೋರರೇ.

ಒಡೆಯನಿಲ್ಲದೆ ಚಿತ್ರವಿಲ್ಲ ಎಂಬುದು ಕ್ಯಾಮೆರಾಕ್ಕಿಂತ ಹಳೆಯ ನಿಯಮ. ಕನ್ನಡ ನಾಡಿನಲ್ಲಿ ಹೆಸರು ಹಿಡಿದು ಚಿತ್ರ ಬಿಡಿಸಿಕೊಂಡ ನಾಯಿ ಯಾವುದು ಅಂದರೆ ಆತಕೂರಿನ ಕಾಳಿ. ಮದ್ದೂರು ಸೀಮೆಯ ಆತಕೂರಿನ ಆ ಕಲ್ಲು 949–50ರದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಹಂದಿ ಮತ್ತು ನಾಯಿ ಎದುರುಬದುರಾದ ಆ ಕೆತ್ತನೆಯನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿದಾಗ ನನಗೆ ಅನ್ನಿಸಿದ್ದು, ಕೆತ್ತಿದವನು ನಾಯಿ ಜಗಳವನ್ನು ಕಣ್ಣಾರೆ ನೋಡಿದವನೇ. ಆದರೆ ಕಾಳಿಯೂ ಅರಮನೆಯ ನಾಯಿ, ರಾಜನ ಉಡುಗೊರೆ. ಬೀದಿ ನಾಯಿಗೆ ವೀರಗಲ್ಲು ನಾನು ಕಂಡಿಲ್ಲ.

ಕ್ಯಾಮೆರಾ ನಮ್ಮ ಕಡೆ ಬಂದಾಗಲೂ ಅದೇ. 1850ರ ದಶಕದ ನಡುವಿನಲ್ಲಿ ಥಾಮಸ್ ಬಿಗ್ಸ್, ಆಮೇಲೆ ಡಾಕ್ಟರ್ ಪಿಗೌ ಎಂಬ ಕಂಪನಿ ಸರ್ಕಾರದ ಮಂದಿ ಬಿಜಾಪುರ, ಐಹೊಳೆ, ಹಳೇಬೀಡುಗಳ ಕಡೆ ಓಡಾಡಿ ಗುಡಿ ಗೋಪುರಗಳ ಫೋಟೊ ತೆಗೆದರು. ಅವುಗಳಲ್ಲಿ ಹಲವು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಬಂದವು. ಕಾಗದದ ನೆಗೆಟಿವ್‌ಗೆ ಬೆಳಕು ತುಂಬಲು ಬಹಳ ಹೊತ್ತು ಬೇಕು. ಗುಡಿ ಅಲ್ಲಾಡುವುದಿಲ್ಲ, ಸರಿ. ಅಂಗಳದಲ್ಲಿ ಮೇಯುತ್ತಿದ್ದ ಆಡು, ನೆರಳಲ್ಲಿ ಮಲಗೆದ್ದು ಹೋದ ನಾಯಿ ಇವೆಲ್ಲ ಒಂದು ಮಸಿ ಗೀರಾಗಿ ಉಳಿಯುತ್ತವೆ, ಇಲ್ಲವೇ ಉಳಿಯುವುದೇ ಇಲ್ಲ. ಹಳೆಯ ಫೋಟೊಗಳಲ್ಲಿ ನಮ್ಮ ಊರುಗಳು ಅಷ್ಟು ಖಾಲಿಯಾಗಿ ಕಾಣುವುದು ಅದಕ್ಕೇ. ಪ್ರಾಣಿಯಿಲ್ಲದ ಹಳೇಬೀಡು ಎಂದಾದರೂ ಇತ್ತೇ?

ಗಾಜಿನ ಪ್ಲೇಟು ಚುರುಕಾದ ಮೇಲೆ ಹೊರದೇಶಗಳಲ್ಲಿ ಆಟ ಬದಲಾಯಿತು. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹ್ಯಾರಿ ಪಾಯಿಂಟರ್ ಎಂಬ ಸ್ಟುಡಿಯೋದವನು 1870ರ ದಶಕದಲ್ಲಿ ಬೆಕ್ಕುಗಳನ್ನು ಪುಟ್ಟ ಸೈಕಲ್ಲಿನ ಮೇಲೆ, ಚಹದ ಬಟ್ಟಲಿನ ಮುಂದೆ ಕೂರಿಸಿ ಫೋಟೊ ತೆಗೆದು, ಕೆಳಗೆ ತಮಾಷೆಯ ಮಾತು ಬರೆದು ಶುಭಾಶಯದ ಕಾರ್ಡಾಗಿ ಮಾರಿದ. ಇವತ್ತು ಫೋನಿನಲ್ಲಿ ಬರುವ ಬೆಕ್ಕಿನ ಚಿತ್ರಗಳಿಗೆ ಅವನೇ ಮೂಲಪುರುಷ. ನಮ್ಮ ಕಸುಬಿನವನಾದ್ದರಿಂದ ಅವನ ಮೇಲೆ ನನಗೆ ಗೌರವ: ಬೆಕ್ಕನ್ನು ಕ್ಷಣ ಹೊತ್ತು ಕೂರಿಸುವುದು ಹಸುವಿನ ಕಿವಿ ನಿಲ್ಲಿಸಿದಂತಲ್ಲ. 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು, ಓಡುವ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಡುತ್ತವೆ ಅಂತ ತೋರಿಸಿದ. ಆ ಕುದುರೆಗೂ ಒಬ್ಬ ಕೋಟ್ಯಧೀಶ್ವರ ಒಡೆಯನಿದ್ದ, ಖರ್ಚೂ ಅವನದೇ. 1894ರಲ್ಲಿ ಪ್ಯಾರಿಸ್ಸಿನ ಮರೇ ಎಂಬ ವಿಜ್ಞಾನಿ ಬೆಕ್ಕನ್ನು ಕಾಲು ಹಿಡಿದು ತಲೆಕೆಳಗಾಗಿಸಿ ಕೈಬಿಟ್ಟು, ಅದು ಗಾಳಿಯಲ್ಲೇ ತಿರುಗಿ ಕಾಲ ಮೇಲೆ ಇಳಿಯುವುದನ್ನು ಚಿತ್ರಮಾಲೆಯಾಗಿ ಹಿಡಿದ. ಆಧಾರವಿಲ್ಲದೆ ಹಾಗೆ ತಿರುಗಲು ಹೇಗೆ ಸಾಧ್ಯ ಎಂದು ದೊಡ್ಡ ದೊಡ್ಡ ಪಂಡಿತರು ತಲೆ ಕೆರೆದುಕೊಂಡರಂತೆ. ಕೊನೆಯ ಚಿತ್ರದಲ್ಲಿ ಬೆಕ್ಕು ಬೇಸರದಿಂದ ಎದ್ದು ನಡೆದುಹೋಗುತ್ತಿರುತ್ತದೆ.

ನಮ್ಮಲ್ಲಿ ಆ ಹೊತ್ತಿಗೆ ನಡೆಯುತ್ತಿದ್ದದ್ದು ಶಿಕಾರಿ ಫೋಟೊ. ಸತ್ತ ಹುಲಿ, ಅದರ ಹಿಂದೆ ಬಂದೂಕು ಹಿಡಿದ ದೊರೆ. ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆಗಳನ್ನು ಹೊಳೆಗೆ ಅಟ್ಟುವ ಚಿತ್ರಗಳು ಕೂಡ ಪ್ರಸಿದ್ಧ. ಆ ಖೆಡ್ಡಾ 1971ರಲ್ಲಿ ನಿಂತಿತು, ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಶಿಕಾರಿಯ ಫೋಟೊ ಕದ್ದುಮುಚ್ಚಿ ಇಡುವ ವಸ್ತುವಾಯಿತು.

ಬಂದೂಕಿನ ಬದಲು ಕ್ಯಾಮೆರಾ ಹಿಡಿದು ಕಾಡಿಗೆ ಹೋದವರಲ್ಲಿ ಕರ್ನಾಟಕದವರು ದೊಡ್ಡವರು. ಸಂಡೂರಿನ ಎಂ.ವೈ.ಘೋರ್ಪಡೆಯವರು ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದುಕೊಂಡೇ ಆನೆ, ಕಾಟಿಗಳ ಹಿಂದೆ ಅಲೆದವರು. 1983ರಲ್ಲಿ ಅವರ ಕಪ್ಪು ಬಿಳುಪಿನ ಪುಸ್ತಕ ಬಂತು. ಬೆಂಗಳೂರಿನ ಟಿ.ಎನ್.ಎ.ಪೆರುಮಾಳ್ ಅವರಿಂದ ಕಲಿತವರು ಒಂದು ಪೀಳಿಗೆಯೇ ಇದ್ದಾರೆ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂತು ಹಕ್ಕಿಗಳನ್ನು ಹಿಡಿದರು. ಮೈಸೂರಿನ ಕೃಪಾಕರ ಮತ್ತು ಸೇನಾನಿ ಕಾಡುನಾಯಿಗಳ ಬೆನ್ನು ಹತ್ತಿ ವರ್ಷಗಳನ್ನೇ ಕಳೆದು, ಅವುಗಳ ಮೇಲಿನ ಚಿತ್ರಕ್ಕೆ 2010ರಲ್ಲಿ ಹಸಿರು ಆಸ್ಕರ್ ಎಂದು ಹೆಸರಾದ ಪ್ರಶಸ್ತಿ ತಂದರು. ಇವರೆಲ್ಲರ ಕೆಲಸವನ್ನು ನಾನು ಕೈಮುಗಿದು ನೋಡಿದ್ದೇನೆ. ಆದರೂ ಒಂದು ತಕರಾರು ಹೇಳಲೇಬೇಕು. ತೇಜಸ್ವಿ ತಮ್ಮ ಮನೆಯ ಕಿವಿ ಎಂಬ ನಾಯಿಯನ್ನು ಬರಹದಲ್ಲಿ ಅಮರ ಮಾಡಿದರು, ಆದರೆ ಮರೆ ಕಟ್ಟಿ ಕೂತದ್ದು ಮಿಂಚುಳ್ಳಿಗೆ. ಲೆನ್ಸಿಗೆ ಯೋಗ್ಯವಾದ ಪ್ರಾಣಿ ಊರಾಚೆಗೇ ಇರಬೇಕು ಎಂಬುದು ಆ ಕಾಲದ ಗಾಳಿ. ಫೋಟೊ ಸ್ಪರ್ಧೆಗಳ ನಿಯಮ ಇನ್ನೂ ಕಠಿಣ. ನೇಚರ್ ವಿಭಾಗಕ್ಕೆ ಅಂತರರಾಷ್ಟ್ರೀಯ ಫೋಟೊಗ್ರಫಿ ಸಂಸ್ಥೆಗಳು ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ಸಾಕುಪ್ರಾಣಿಯೂ ಸಲ್ಲದು, ಸಾಕಿದವರಿಂದ ದೂರವಾಗಿ ಬೀಡಾಡಿಯಾದ ಪ್ರಾಣಿಯೂ ಸಲ್ಲದು. ಅಂದರೆ ಬೀದಿಬೆಕ್ಕಿಗೆ ಮನೆಯೂ ಇಲ್ಲ, ಕಾಡೂ ಇಲ್ಲ, ಸ್ಪರ್ಧೆಯ ಪ್ರವೇಶಪತ್ರವೂ ಇಲ್ಲ.

ಐಆರ್‌ಡಿಪಿ 1999ರಲ್ಲಿ ಬೇರೆ ಯೋಜನೆಯೊಳಗೆ ಕರಗಿತು. ಕಲರ್ ಲ್ಯಾಬು ಬಂದು ನನ್ನ ಡಾರ್ಕ್ ರೂಮು ದಿನಸಿ ಗೋದಾಮಾಯಿತು. ಡಿಜಿಟಲ್ ಬಂದು ಕಲರ್ ಲ್ಯಾಬೂ ಹೋಯಿತು. ಈಗ ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಪ್ಲಾಸ್ಟಿಕ್ ಓಲೆ, ಫೋಟೊ ಪಶುವೈದ್ಯರ ಮೊಬೈಲಿನಲ್ಲೇ. ಹಸುವಿನ ಮೂತಿಯ ಗೆರೆಗಳು ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದರಂತೆ ಒಂದಿಲ್ಲವಾದ್ದರಿಂದ, ಮೂತಿಯ ಚಿತ್ರದಿಂದಲೇ ಹಸುವನ್ನು ಗುರುತಿಸುವ ಆ್ಯಪುಗಳೂ ಬಂದಿವೆ. ನನ್ನಂಥವನ ಅಗತ್ಯ ಅಲ್ಲಿಗೆ ಮುಗಿಯಿತು. ಆದರೆ ಅದೇ ಡಿಜಿಟಲ್ಲು ಕೊಟ್ಟ ಒಂದು ಲಾಭವೂ ಇದೆ: ಕೆಟ್ಟ ಚಿತ್ರಕ್ಕೆ ಕಾಸಿನ ಖರ್ಚಿಲ್ಲ. ಆ ದಿನದಿಂದ ಬೆಕ್ಕಿಗೂ ಫ್ರೇಮು ಸಿಕ್ಕಿತು.

ಚಿಂತಾಮಣಿಯಲ್ಲಿ ಬೆಳಗಿನ ಬಿಸಿಲು ಜೋಡಿ ರಸ್ತೆಗೆ ಬರುವ ಮುಂಚೆ ಅಂಗಡಿಗಳ ಶಟರುಗಳ ಕೆಳಗೆ ನಾಯಿಗಳ ಸಾಲು ಇರುತ್ತದೆ. ಆಜಾದ್ ಚೌಕದ ಕಡೆ ಮಾಂಸದಂಗಡಿ ತೆರೆಯುವ ಹೊತ್ತಿಗೆ ಬೆಕ್ಕುಗಳು. ನಾಯಿ ಬಾಗಿಲ ಮುಂದೆ ನಿಂತು ಬೇಡುತ್ತದೆ, ಬೆಕ್ಕು ಎದುರಿನ ಸೂರಿನ ಮೇಲೆ ಕೂತು ತನಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವಂತೆ ಕಾಯುತ್ತದೆ. ಟೊಮೆಟೊ ಮಂಡಿಯ ಹೊರಗೆ ಬೀಡಾಡಿ ದನ. ಹಂದಿಗಳು ಕಡಿಮೆಯಾಗಿವೆ, ಅಗಸರ ಕತ್ತೆಗಳು ಇಲ್ಲವೇ ಇಲ್ಲ ಅನ್ನಬೇಕು. ಹಳೇ ಮಂಗಳೂರು ಹೆಂಚಿನ ಮನೆಗಳಿದ್ದ ಬೀದಿಗಳಲ್ಲಿ ಬೆಕ್ಕು ಹೆಚ್ಚು, ಸಿಮೆಂಟಿನ ಮೂರಂತಸ್ತು ಎದ್ದ ಕಡೆ ಕಡಿಮೆ. ಹೆಂಚಿನ ಸಂದಿಯಲ್ಲಿ ಇಲಿಯೂ ಇರುತ್ತಿತ್ತು, ಮರಿಗಳಿಗೆ ಬೆಚ್ಚನೆಯ ಅಟ್ಟವೂ ಇರುತ್ತಿತ್ತು.

ಚಿತ್ರ ತೆಗೆಯುವ ರೀತಿ ಕೇಳುವವರಿಗೆ ಇಷ್ಟು ಹೇಳುತ್ತೇನೆ. ಫ್ಲಾಷ್ ಬೇಡ. ಬೆಕ್ಕಿನ ಕಣ್ಣಿನ ಹಿಂದೆ ಬೆಳಕು ಮರಳಿಸುವ ಒಂದು ಪದರವಿದೆ, ಫ್ಲಾಷ್ ಬಿದ್ದರೆ ಚಿತ್ರದಲ್ಲಿ ಕಣ್ಣಿನ ಬದಲು ಎರಡು ಹಸಿರು ದೀಪ ಬರುತ್ತವೆ. ಕರಿಬೆಕ್ಕು ತೆಗೆಯುವಾಗ ಕ್ಯಾಮೆರಾ ಅದನ್ನು ಬೂದಿ ಬಣ್ಣ ಮಾಡಲು ನೋಡುತ್ತದೆ, ಬೆಳಕು ಒಂದು ಪಾಲು ತಗ್ಗಿಸಿ. ಬಿಳಿ ಹಸುವಿಗೆ ಅದರ ತಿರುವುಮುರುವು. ನಿಂತು ತೆಗೆಯಬೇಡಿ, ಕೂತು ಅದರ ಕಣ್ಣಿನ ಮಟ್ಟಕ್ಕೆ ಬನ್ನಿ. ಗುರ್ರೆನ್ನುವ ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಮರಿ ಹಾಕಿದ ನಾಯಿಯ ಹತ್ತಿರ ಹೋಗಲೇಬೇಡಿ. ಕಚ್ಚಿದರೆ, ಪರಚಿದರೂ, ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಫೋಟೊ ಆಮೇಲೆ.

ಬೆಕ್ಕಿನ ಮುಂದೆ ಮಂಡಿಯೂರಿ ಕೂತ ಮುದುಕನನ್ನು ನೋಡಿ ಜನ ಸುಮ್ಮನಿರುತ್ತಾರೆಯೇ? ಕೆಂಚಾರ್ಲಹಳ್ಳಿ ಕಡೆಯಿಂದ ಬಂದ, ನನ್ನ ಹಳೇ ಕಸುಬು ಗೊತ್ತಿದ್ದ ಒಬ್ಬ ಬೈಕು ನಿಲ್ಲಿಸಿ ಕೇಳಿದ: "ಏನ್ ಸಾರ್, ಬೆಕ್ಕಿಗೂ ಲೋನ್ ಕೊಡ್ತಾರಾ ಈಗ?" ನಾನು ನಕ್ಕೆ. ಆದರೆ ಅವನು ಕೇಳಿದ್ದು ತಮಾಷೆಗಾದರೂ ಸರಿಯಾದ ಪ್ರಶ್ನೆ. ನಮ್ಮ ಕಡೆ ಪ್ರಾಣಿಯ ಮುಂದೆ ಕ್ಯಾಮೆರಾ ಹಿಡಿದರೆ ಅದರ ಹಿಂದೆ ಒಂದು ಅರ್ಜಿ ಇರಲೇಬೇಕು ಅಂತ ನಾನೇ ಒಂದು ಸೀಮೆಗೆ ಕಲಿಸಿದ್ದೆನಲ್ಲ.

ಅರ್ಜಿ ಈಗಲೂ ಬಂದಿದೆ, ರೂಪ ಬೇರೆ. 2023ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಬೀದಿನಾಯಿಗಳ ಸಮೀಕ್ಷೆ ಮಾಡಿದಾಗ, ಇಬ್ಬಿಬ್ಬರ ತಂಡಗಳು ಬೆಳಗ್ಗೆ ದ್ವಿಚಕ್ರ ವಾಹನದಲ್ಲಿ ಹೋಗಿ ಕಂಡ ನಾಯಿಗಳ ಫೋಟೊ ತೆಗೆದು ಆ್ಯಪಿಗೆ ಹಾಕಿದವು. ಆರಿಸಿದ ಸ್ಥಳಗಳಲ್ಲಿ ಎಣಿಸಿ ಇಡೀ ನಗರಕ್ಕೆ ಅಂದಾಜು ಕಟ್ಟಿದಾಗ ಬಂದ ಸಂಖ್ಯೆ ಸುಮಾರು 2.79 ಲಕ್ಷ. 2019ರ ಸಮೀಕ್ಷೆಯಲ್ಲಿ ಅದು 3.10 ಲಕ್ಷ ಇತ್ತು. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿಯ ಕಿವಿಯನ್ನು ಸ್ವಲ್ಪ ಕತ್ತರಿಸಿರುತ್ತಾರೆ, ಫೋಟೊದಲ್ಲಿ ಅದನ್ನೇ ನೋಡುವುದು. ಮತ್ತೆ ಕಿವಿ! ಹಸುವಿಗೆ ಓಲೆ, ನಾಯಿಗೆ ಕಚ್ಚು. ಸರ್ಕಾರದ ಕಣ್ಣಿಗೆ ಪ್ರಾಣಿಯ ಮುಖ ಇರುವುದು ಕಿವಿಯಲ್ಲೇ ಅಂತ ಕಾಣುತ್ತದೆ. ಬೆಕ್ಕಿಗೆ ಈ ಭಾಗ್ಯವೂ ಇಲ್ಲ. ಜಾನುವಾರು ಗಣತಿಯಲ್ಲಿ ಹಸು, ಎಮ್ಮೆ, ಕುರಿ, ಕತ್ತೆ, ಮೊಲ, ಬೀದಿನಾಯಿ ಎಲ್ಲಕ್ಕೂ ಲೆಕ್ಕವಿದೆ, ಬೆಕ್ಕಿಗೆ ಕಾಲಂ ಇಲ್ಲ.

2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಎರಡು ವಾರ ತುಂಬುವ ಮೊದಲೇ, ಹುಚ್ಚು ಹಿಡಿದವು, ಮೇಲೆರಗುವವು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಅಲ್ಲೇ ಬಿಡಬಹುದು ಎಂದು ಆದೇಶ ಬದಲಾಯಿತು. ಆ ದಿನಗಳಲ್ಲಿ ಎರಡೂ ಪಕ್ಷದವರು ಫೋನು ಹಿಡಿದು ಬೀದಿಗಿಳಿದರು. ಕಚ್ಚಿಸಿಕೊಂಡ ಮಗುವಿನ ಕಾಲಿನ ಫೋಟೊ ಒಂದು ಕಡೆ, ಅನ್ನ ತಿನ್ನುವ ಮರಿಯ ಫೋಟೊ ಇನ್ನೊಂದು ಕಡೆ. ಎರಡೂ ನಿಜ. ನಾನು ನಾಯಿಯ ವಕೀಲನೂ ಅಲ್ಲ, ಪೊಲೀಸನೂ ಅಲ್ಲ. ನನ್ನ ಕೆಲಸ ಆ ಬೀದಿಯಲ್ಲಿ ಆ ವರ್ಷ ಯಾವ ನಾಯಿ, ಯಾವ ಬೆಕ್ಕು ಇದ್ದವು ಎಂಬ ದಾಖಲೆ ಮಾಡುವುದು. ಒಡೆಯನಿಲ್ಲ, ಸಾಲವಿಲ್ಲ, ಓಲೆಯಿಲ್ಲ, ಹಾಗಾಗಿ ಹೆಸರೂ ಇಲ್ಲ. ಫೋಟೊದ ಕೆಳಗೆ ಬೀದಿಯ ಹೆಸರು, ದಿನಾಂಕ, ಮೈಮೇಲಿನ ಗುರುತು ಬರೆದಿಡುತ್ತೇನೆ. ಹಳೇ ಚಾಳಿ.

ಓದುಗರಲ್ಲಿ ಒಂದು ಕೋರಿಕೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಸಾಲದ ಹಸುವಿನ ಆ ಕಪ್ಪು ಬಿಳುಪು ಫೋಟೊಗಳು ಇನ್ನೂ ಇವೆ. ಮನೆ ಕೆಡವಿ ಕಟ್ಟುವಾಗ ಮೊದಲು ಹೋಗುವುದು ಅವೇ, ಹುಳು ತಿಂದ ಕಟ್ಟು ಅಂತ ಒಲೆಗೆ ಹಾಕುತ್ತಾರೆ. ಹಾಕಬೇಡಿ. ಕಟ್ಟಿನಿಂದ ಬಿಡಿಸಿ, ನೆರಳಿನಲ್ಲಿಟ್ಟು ಫೋನಿನಲ್ಲೇ ಒಂದು ಚಿತ್ರ ತೆಗೆದುಕೊಳ್ಳಿ. ಅಂಚು ಕತ್ತರಿಸದೆ ತೆಗೆಯಿರಿ, ಅಂಚಿನಲ್ಲಿ ಯಾರು ಕೂತಿದ್ದಾರೋ ಗೊತ್ತಿಲ್ಲ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಊರು, ಹಗ್ಗ ಹಿಡಿದ ಹೆಂಗಸಿನ ಹೆಸರು, ಗೊತ್ತಿದ್ದರೆ ಹಸುವನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದನ್ನು ಬರೆಯಿರಿ. ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಶಾಯಿ ಮುಂಬದಿಗೆ ಇಳಿಯುತ್ತದೆ.